ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಫ್ಲೈಟಲ್ಲಿ ಎಷ್ಟು ಹೊತ್ತು ಬೇಕು?

ನೇರ ದೂರ ಸುಮಾರು 14,000 ಕಿ.ಮೀ. ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹೋಗತ್ತೆ ಅಂತ ಲೆಕ್ಕ ಹಾಕಿದ್ರೆ ಹದಿನೈದೂವರೆ ಗಂಟೆ ಬರತ್ತೆ, ಆದ್ರೆ ನಾನ್‌ಸ್ಟಾಪ್ ಫ್ಲೈಟ್ ಇದ್ರೆ ಅದ್ರಲ್ಲಿ ನಿಜವಾಗ್ಲೂ 16ರಿಂದ 18 ಗಂಟೆ ಅಂತ ಇಟ್ಕೊಳ್ಳಿ, ಯಾಕಂದ್ರೆ ಗಾಳಿ ಮತ್ತೆ ರೂಟ್ ದಿನಾ ಬದಲಾಗತ್ತೆ. ಮೇಲೆ ಜೆಟ್ ಸ್ಟ್ರೀಮ್ ಅಂತ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸೋ ಗಾಳಿ ಇದೆ, ಹೋಗ್ತಾ ಪೆಸಿಫಿಕ್ ಮೇಲೆ ಹೋದ್ರೆ ಅದು ಹಿಂದಿಂದ ತಳ್ಳತ್ತೆ, ಬೇಗ ತಲುಪ್ತೀರಿ. ಮ್ಯಾಪಲ್ಲಿ ನೇರ ಗೆರೆ ಎಳೆದು ನೋಡ್ಬೇಡಿ, ಭೂಮಿ ಗುಂಡಗಿರೋದ್ರಿಂದ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದ್ಲೇ ಇದೆ. 2021ರ ಜನವರಿಲಿ ಏರ್ ಇಂಡಿಯಾದ ಮೊದಲ ಫ್ಲೈಟನ್ನ ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಅವರ ಮಹಿಳಾ ತಂಡ ಅಲ್ಲಿಂದ ಇಲ್ಲಿಗೆ ಆ ದಾರೀಲೇ ತಂದಿದ್ದು, ನಂಗಂತೂ ಅದು ತುಂಬಾ ಹೆಮ್ಮೆಯ ವಿಷ್ಯ.

ದುಬೈ ಥರ ಒಂದು ಸ್ಟಾಪ್ ಇದ್ರೆ ಕಾಯೋದೂ ಸೇರಿ 22 ಗಂಟೆ ಮೇಲೇ.

ಟಿಕೆಟಲ್ಲಿರೋ ಟೈಮ್ ನೋಡಿ ಗಾಬರಿ ಆಗ್ಬೇಡಿ, ಅದು ಆಯಾ ಊರಿನ ಟೈಮ್. ಚಳಿಗಾಲದಲ್ಲಿ ಅವ್ರು ನಮಗಿಂತ 13.5 ಗಂಟೆ ಹಿಂದೆ, ಬೇಸಿಗೇಲಿ 12.5. ಅಂದ್ರೆ ಜನವರಿಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದ್ರೆ ಅಲ್ಲಿ ಅದೇ ದಿನ ಸಂಜೆ 4:30, ವಾಪಸ್ ಬರೋವಾಗ ರಾತ್ರಿ 9ಕ್ಕೆ ಹೊರಟ್ರೆ ಇಲ್ಲಿ ಇಳಿಯೋಷ್ಟ್ರಲ್ಲಿ ತಾರೀಖು ಎರಡು ದಿನ ಮುಂದೆ ಹೋಗಿರತ್ತೆ, ಕರ್ಕೊಂಡು ಹೋಗೋಕೆ ಬರೋರಿಗೆ ಇದನ್ನ ಸರಿಯಾಗಿ ಹೇಳಿ.