ಸೊಸೈಟಿಯ 180 ಜನಕ್ಕೆ ಕಂಪ್ಯೂಟರ್‌ನಿಂದ ಪುಕ್ಕಟೆ ಮೆಸೇಜು

ಅಣ್ಣ, ಮೈಲುತುತ್ತು ಬಂದ ದಿನ, ಸಭೆ ಇರೋ ದಿನ 180 ಸದಸ್ಯರಿಗೂ ತಿಳಿಸಬೇಕು, ಅರ್ಧದಷ್ಟು ಜನರ ಹತ್ತಿರ ಕೀಪ್ಯಾಡ್ ಫೋನು, ಕಂಪ್ಯೂಟರ್‌ನಲ್ಲಿ ಕೂತು ಪುಕ್ಕಟೆ ಎಸ್ಸೆಮ್ಮೆಸ್ ಕಳಿಸೋ ವೆಬ್‌ಸೈಟ್ ಯಾವುದಿದೆ ಅಂತ ಕೇಳಿದ್ರಿ.

ವೆಬ್‌ಸೈಟ್ ಹುಡುಕೋದು ಬಿಡಿ. ವೇಟುಎಸ್ಸೆಮ್ಮೆಸ್, 160ಬೈ2 ಅಂತ ಪುಕ್ಕಟೆ ಮೆಸೇಜಿನ ಸೈಟುಗಳಿದ್ವಲ್ಲ, ಅವುಗಳ ಕಾಲ ಮುಗೀತು. ಆಗ ಮೆಸೇಜಿನ ಬಾಲಕ್ಕೆ ಜಾಹೀರಾತು ಅಂಟಿಸಿ ಅವರು ದುಡ್ಡು ಮಾಡ್ಕೊಳ್ತಿದ್ರು, ನಮಗೆ ಪುಕ್ಕಟೆ ಆಗ್ತಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಟೆಲಿಫೋನ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಟ್ರಾಯ್ ಒಂದು ಸಿಮ್‌ಗೆ ದಿನಕ್ಕೆ 100 ಅಂತ ಮಿತಿ ಹಾಕಿತು, ನವೆಂಬರ್‌ನಲ್ಲಿ ಅದನ್ನ 200 ಮಾಡಿತು. ಈಗ ಕಂಪನಿ, ಸಂಘದ ಹೆಸರಲ್ಲಿ ಸಗಟು ಮೆಸೇಜ್ ಕಳಿಸೋಕೆ ಡಿಎಲ್‌ಟಿ ಅನ್ನೋ, ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿ, ಕಳಿಸೋ ಒಕ್ಕಣೆಗೂ ಮೊದಲೇ ಒಪ್ಪಿಗೆ ತಗೋಬೇಕು. ಹಾಗಿರುವಾಗ 'ಫ್ರೀ' ಅಂತ ಬರೆದುಕೊಂಡು ನಿಮ್ಮ ನಂಬರ್, ಓಟಿಪಿ ಕೇಳೋ ಸೈಟ್‌ಗೆ ಸದಸ್ಯರ ಪಟ್ಟಿ ಕೊಟ್ಟರೆ ಆ ನಂಬರ್‌ಗಳು ಯಾರ ಕೈಗೆ ಹೋಗ್ತವೋ ಹೇಳೋಕಾಗಲ್ಲ.

ನಿಮ್ಮ ರೀಚಾರ್ಜ್‌ನಲ್ಲೇ ದಿನಕ್ಕೆ 100 ಎಸ್ಸೆಮ್ಮೆಸ್ ಇರಬಹುದು, ಪ್ಯಾಕ್ ಒಮ್ಮೆ ನೋಡಿ. ಅದನ್ನೇ ಕಂಪ್ಯೂಟರ್‌ನಿಂದ ಬಳಸೋದು. ಆಂಡ್ರಾಯ್ಡ್ ಫೋನಲ್ಲಿ ಗೂಗಲ್ ಮೆಸೇಜಸ್ ಆಪ್ ಇರಲಿ. ಕಂಪ್ಯೂಟರ್‌ನಲ್ಲಿ ಮೆಸೇಜಸ್ ಡಾಟ್ ಗೂಗಲ್ ಡಾಟ್ ಕಾಮ್ ಸ್ಲ್ಯಾಷ್ ವೆಬ್ ತೆರೆದು, ಫೋನಿನ ಆ ಆಪ್‌ನಲ್ಲಿ 'ಡಿವೈಸ್ ಪೇರಿಂಗ್'ಗೆ ಹೋಗಿ ಕ್ಯೂಆರ್ ಕೋಡ್‌ನಿಂದಲೋ ಗೂಗಲ್ ಖಾತೆಯಿಂದಲೋ ಜೋಡಿಸಿ. ಕಂಪ್ಯೂಟರ್ ಇಲ್ಲಿ ಬರೀ ಕೀಲಿಮಣೆ ಅಷ್ಟೆ, ಮೆಸೇಜ್ ಹೋಗೋದು ನಿಮ್ಮ ಸಿಮ್‌ನಿಂದಲೇ. ಹಾಗಾಗಿ ಫೋನ್ ಆನ್ ಇದ್ದು, ನೆಟ್ಟೂ ಇರಬೇಕು. ವಿಂಡೋಸ್‌ನ ಫೋನ್ ಲಿಂಕ್ ಕೂಡ ಇದೇ ಕೆಲಸ ಮಾಡುತ್ತೆ.

ಕನ್ನಡದಲ್ಲಿ ಕಳಿಸೋವಾಗ ಮಾತ್ರ ಹುಷಾರು. ನಾನು ಮಹಾಸಭೆ ನೋಟಿಸನ್ನ ಪೂರ್ತಿ ಟೈಪ್ ಮಾಡಿ ಕಳಿಸಿದೆ, 25 ಜನ ಆಗೋಷ್ಟರಲ್ಲಿ ಆ ದಿನದ ಕೋಟಾ ಖಾಲಿ! ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷ್ ಆದ್ರೆ 160 ಅಕ್ಷರ ಹಿಡಿಯುತ್ತೆ, ಕನ್ನಡ ಆದ್ರೆ 70 ಮಾತ್ರ. ಅದು ದಾಟಿದ ಕೂಡಲೆ ತುಂಡಾಗುತ್ತೆ, ಒಂದೊಂದು ತುಂಡಿಗೆ 67 ಅಕ್ಷರ, ಪ್ರತಿ ತುಂಡೂ ಒಂದು ಎಸ್ಸೆಮ್ಮೆಸ್ ಲೆಕ್ಕ. ನನ್ನ ನೋಟಿಸು ನಾಲ್ಕು ತುಂಡಾಗಿತ್ತು. ಇನ್ನೊಂದು ತಮಾಷೆ ಅಂದ್ರೆ ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕಕ್ಕೆ ಬರ್ತವೆ. 'ಸ್ತ್ರೀ' ನಮಗೆ ಒಂದಕ್ಷರ, ಫೋನಿಗೆ ಆರು. "ನಾಳೆ ಸೊಸೈಟಿಗೆ ಮೈಲುತುತ್ತು ಬರುತ್ತೆ. ಚೀಲ ತನ್ನಿ." ಅಂತ ಬರೆದ್ರೆ ಚುಕ್ಕಿ, ಖಾಲಿ ಜಾಗ ಸೇರಿ 44. ಇಷ್ಟು ಸಾಕು. 'ಆತ್ಮೀಯ ಸದಸ್ಯರೇ' ಅಂತ ಶುರು ಮಾಡೋಕೆ ಹೋಗಬೇಡಿ.

ಹಲವರನ್ನ ಒಟ್ಟಿಗೆ ಸೇರಿಸಿ ಕಳಿಸೋದಾದ್ರೆ, ಮೊದಲು ಆಪ್‌ನ ಸೆಟ್ಟಿಂಗ್ಸಲ್ಲಿ ಗ್ರೂಪ್ ಮೆಸೇಜ್ ಎಂಎಂಎಸ್ (ಫೋಟೋ ಕಳಿಸೋ ಥರದ ಮೆಸೇಜು) ಆಗಿ ಹೋಗದ ಹಾಗೆ, ಒಬ್ಬೊಬ್ಬರಿಗೂ ಬೇರೆ ಬೇರೆ ಎಸ್ಸೆಮ್ಮೆಸ್ ಹೋಗೋ ಹಾಗೆ ಆರಿಸಿ. ಎಂಎಂಎಸ್‌ಗೆ ದುಡ್ಡು ಕಡಿಯುತ್ತೆ, ಎಷ್ಟೋ ಕೀಪ್ಯಾಡ್ ಫೋನಲ್ಲಿ ತೆರೆಯೋದೂ ಇಲ್ಲ.

180 ಜನಕ್ಕೂ ಎಸ್ಸೆಮ್ಮೆಸ್ ಬೇಕಾಗಿಲ್ಲ. ಸ್ಮಾರ್ಟ್‌ಫೋನ್ ಇರೋರಿಗೆ ವಾಟ್ಸಾಪ್ ವೆಬ್‌ನಲ್ಲಿ ಗುಂಪು ಮಾಡಿ. ಬ್ರಾಡ್‌ಕಾಸ್ಟ್ ಪಟ್ಟಿ ನನಗೆ ಹಿಡಿಸಲಿಲ್ಲ, ನಿಮ್ಮ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ಅದು ತಲುಪುತ್ತೆ, ನಮ್ಮೂರಲ್ಲಿ ಯಾರು ಸೇವ್ ಮಾಡ್ತಾರೆ ಹೇಳಿ. ಮಿಕ್ಕ ಕೀಪ್ಯಾಡ್‌ನವರು 90 ಜನ ಅಂತಿಟ್ಟುಕೊಂಡ್ರೂ ಒಂದೇ ದಿನದಲ್ಲಿ ಮುಗಿಯುತ್ತೆ. ಬೇಡ ಅಂದೋರನ್ನ ಪಟ್ಟಿಯಿಂದ ತೆಗೆದುಬಿಡಿ, 1909ಕ್ಕೆ ದೂರು ಹೋದ್ರೆ ನಿಮ್ಮ ಸಿಮ್‌ಗೇ ತೊಂದರೆ.

ಎಲ್ಲರಿಗೂ ಕಳಿಸೋ ಮುಂಚೆ ಮನೇಲಿರೋ ಹಳೇ ಕೀಪ್ಯಾಡ್ ಫೋನಿಗೆ ಒಂದು ಕಳಿಸಿ ನೋಡಿ. ಅಕ್ಷರದ ಜಾಗದಲ್ಲಿ ಬರೀ ಚೌಕ ಚೌಕ ಕಂಡ್ರೆ, ಅಂಥ ಫೋನಿನವರಿಗೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಕಳಿಸಿ. ಆಗ 160 ಅಕ್ಷರವೂ ಸಿಗುತ್ತೆ.