ಎಲೆಕ್ಟ್ರಾನಿಕ್ಸ್ ಓದಿದವರಿಗೆ ನಮ್ಮ ಕಡೆ ಕೆಲಸ ಎಲ್ಲಿದೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಸಾಕು, ನನ್ನ ಫೋನಿಗೆ ಪುರುಸೊತ್ತಿಲ್ಲ. ಹತ್ತು ವರ್ಷ ಕಾರ್ಖಾನೆಯಲ್ಲಿ, ಆಮೇಲೆ ಪಾಲಿಟೆಕ್ನಿಕ್ ಲ್ಯಾಬ್‌ನಲ್ಲಿ ಕಳೆದವನು ನಾನು. ಈ ಸಲದ ಪ್ರಶ್ನೆಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಸೇಡಂನವರ ಪ್ರಶ್ನೆಗೇ ಜಾಸ್ತಿ ಜಾಗ ಹೋಯಿತು. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿಯಲ್ಲಿ 68 ಪರ್ಸೆಂಟ್ ತೆಗೆದಿದ್ದಾನೆ. ಫ್ಯಾನು, ರೇಡಿಯೊ ಏನು ಸಿಕ್ಕರೂ ಬಿಚ್ಚಿಕೊಂಡು ಕೂರುತ್ತಾನೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡ್ತೀನಿ ಅಂತಾನೆ. ನಮ್ಮ ಮಾವನವರು "ಕಂಪ್ಯೂಟರ್ ಬಿಟ್ಟು ಬೇರೆ ಓದಿದರೆ ಉಪವಾಸ" ಅಂತಾರೆ. ಪಿಯುಸಿ ಸೈನ್ಸ್‌ಗೆ ಹಾಕಲಾ, ಡಿಪ್ಲೊಮಾಕ್ಕಾ? — ಒಬ್ಬ ತಂದೆ, ಸೇಡಂ

ಮೊದಲು ಲೆಕ್ಕ ನೋಡಿ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಿದರೆ ಇನ್ನು ಮೂರು. ಅಲ್ಲೂ ಆರೇ. ಡಿಪ್ಲೊಮಾ ಹುಡುಗನ ಕೈಯಲ್ಲಿ ಮಾತ್ರ ಅರ್ಧ ದಾರಿಯಲ್ಲೇ ಒಂದು ಸರ್ಟಿಫಿಕೇಟ್ ಇರುತ್ತದೆ. ಮನೆಯಲ್ಲಿ ತಾಪತ್ರಯ ಬಂದರೆ ಅಲ್ಲೇ ನಿಂತು ಕೆಲಸಕ್ಕೆ ಸೇರಬಹುದು. ಪಿಯುಸಿಯಲ್ಲಿ ಬೇರೆ ಕೋರ್ಸುಗಳ ಬಾಗಿಲೂ ತೆರೆದಿರುತ್ತದೆ, ಅದು ನಿಜ. ಆದರೆ ಫ್ಯಾನ್ ಬಿಚ್ಚುವ ಹುಡುಗನನ್ನು ಎರಡು ವರ್ಷ ಟ್ಯೂಷನ್ನಿಗೆ ಕೂಡಿಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಉಪವಾಸದ ಮಾತು. ಸೇಡಂನಲ್ಲಿ ಕೂತು ಈ ಪ್ರಶ್ನೆ ಕೇಳಿದ್ದೀರಲ್ಲ, ಒಮ್ಮೆ ಮಾಳಿಗೆ ಹತ್ತಿ ನೋಡಿ. ಸಿಮೆಂಟ್ ಕಾರ್ಖಾನೆಯ ಚಿಮಣಿ ಕಾಣುತ್ತದೆ, ಅಲ್ವಾ? ಸೇಡಂ, ಮಳಖೇಡ, ವಾಡಿ, ಈ ಭಾಗದಲ್ಲಿ ನೆಲದ ಕೆಳಗೆ ಸುಣ್ಣದ ಕಲ್ಲು, ಮೇಲೆ ಕಾರ್ಖಾನೆ. ಒಳಗಿನ ಕಿಲ್ನ್‌ನಲ್ಲಿ, ಅಂದರೆ ದೊಡ್ಡ ಕುಲುಮೆಯಲ್ಲಿ, ಕಲ್ಲು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಅಷ್ಟು ಬಿಸಿಯ ಹತ್ತಿರ ಯಾರೂ ನಿಂತು ನೋಡುವುದಿಲ್ಲ. ಶಾಖ, ಒತ್ತಡ, ಗಾಳಿ, ಮೋಟಾರಿನ ವೇಗ ಎಲ್ಲವನ್ನೂ ಸೆನ್ಸರ್ ಅಳೆದು ಕಂಟ್ರೋಲ್ ರೂಮ್‌ಗೆ ಕಳಿಸುತ್ತದೆ. ಈ ಸೆನ್ಸರ್, ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್), ಡ್ರೈವ್‌ (ಮೋಟಾರಿನ ವೇಗ ಹಿಡಿತದಲ್ಲಿಡುವ ಸಾಧನ) ಇವನ್ನೆಲ್ಲ ನೋಡಿಕೊಳ್ಳುವ ವಿಭಾಗವೇ ಇನ್‌ಸ್ಟ್ರುಮೆಂಟೇಷನ್. ಎಲೆಕ್ಟ್ರಾನಿಕ್ಸ್ ಓದಿದವರ ಜಾಗ ಅದು. ಯಾದಗಿರಿ ಕಡೇಚೂರಿನ ಔಷಧ ಕಾರ್ಖಾನೆಗಳಿಗೂ, ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೂ ಇದೇ ಕೆಲಸದವರು ಬೇಕು.

ಕೆಲಸ ಹೇಗಿರುತ್ತದೆ ಅಂತ ನನ್ನದೇ ಕಥೆ ಹೇಳುತ್ತೇನೆ. ಡಿಪ್ಲೊಮಾ ಮುಗಿಸಿ ಒಂದು ಕಾರ್ಖಾನೆಗೆ ಸೇರಿದ ಹೊಸತು. ಒಂದು ಟೆಂಪರೇಚರ್ ರೀಡಿಂಗ್ ಸುಮ್ನೆ ಕುಣಿಯುತ್ತಿತ್ತು. ನಾನು ಜಾಣತನ ತೋರಿಸಲು ಹೋಗಿ ಟ್ರಾನ್ಸ್‌ಮಿಟರ್ (ಅಳೆದ ಶಾಖವನ್ನು ಕರೆಂಟ್ ಸಿಗ್ನಲ್ ಮಾಡಿ ಕಳಿಸುವ ಸಾಧನ) ಕೆಟ್ಟಿದೆ ಅಂದೆ, ಸ್ಟೋರ್‌ನಿಂದ ಹೊಸದು ತರಿಸಿ ಹಾಕಿದೆ. ಆದರೂ ಕುಣಿತ ನಿಲ್ಲಲಿಲ್ಲ. ಐಟಿಐ ಮಾಡಿದ ಹಿರಿಯ ಟೆಕ್ನಿಷಿಯನ್ ಒಬ್ಬರು ಬಂದರು. ಮಲ್ಟಿಮೀಟರ್ ಸಿಕ್ಕಿಸಿ ಕರೆಂಟ್ ನೋಡಿದರು. ಈ ಸಿಗ್ನಲ್ 4ರಿಂದ 20 ಮಿಲಿಆಂಪಿಯರ್ ಒಳಗೆ ಓಡಾಡಬೇಕು. ರೇಂಜ್ 0ಯಿಂದ 1200 ಡಿಗ್ರಿ ಇದ್ದರೆ 4 ಅಂದರೆ ಸೊನ್ನೆ ಡಿಗ್ರಿ, 20 ಅಂದರೆ 1200, ನಡುವಿನ 12 ಅಂದರೆ 600. ಮೀಟರಿನಲ್ಲಿ ಅದು ಆಗಾಗ ಸೊನ್ನೆಗೇ ಬೀಳುತ್ತಿತ್ತು. "ಸೊನ್ನೆ ಡಿಗ್ರಿ ಆದ್ರೂ 4 ಇರಬೇಕಲ್ಲಪಾ, ಸೊನ್ನೆ ಯಾಕ ಬರ್ತದ? ವೈರ್ ಬಿಟ್ಟದ" ಅಂದರು. ಕೆಳಗಿನ ಜಂಕ್ಷನ್ ಬಾಕ್ಸ್ ತೆಗೆದು ನೋಡಿದರೆ ಒಳಗೆ ಸಿಮೆಂಟ್ ದೂಳು, ಒಂದು ಟರ್ಮಿನಲ್ ಸ್ಕ್ರೂ ಸಡಿಲ. ಸ್ಕ್ರೂಡ್ರೈವರ್ ಅರ್ಧ ಸುತ್ತು ತಿರುಗಿತು, ರೀಡಿಂಗ್ ಕುಣಿಯುವುದು ನಿಂತಿತು. ಸೊನ್ನೆಯ ಬದಲು 4ರಿಂದ ಶುರು ಮಾಡುವುದು ಇದಕ್ಕೇ, ತಂತಿ ಕಡಿದದ್ದು ಗೊತ್ತಾಗಲಿ ಅಂತ. ಪುಸ್ತಕದಲ್ಲಿ ಓದಿದ್ದೆ, ಆದರೆ ಆ ದಿನವೇ ತಲೆಗೆ ಹೋದದ್ದು.

ಮುಚ್ಚಿಡದೆ ಒಂದು ಮಾತು. ಶುರುವಿನಲ್ಲಿ ಇಂಥ ಕೆಲಸ ಜಾಸ್ತಿ ಸಿಗುವುದು ಗುತ್ತಿಗೆದಾರರ ಕೈಕೆಳಗೆ. ಶಿಫ್ಟ್ ಇರುತ್ತದೆ, ದೂಳಿರುತ್ತದೆ, ಸಂಬಳ ಕಡಿಮೆ. ಎರಡು ಮೂರು ವರ್ಷ ಪಿಎಲ್‌ಸಿ ಮೇಲೆ ಕೈ ಕುದುರಿಸಿಕೊಂಡವನಿಗೆ ಹೈದರಾಬಾದ್, ಪುಣೆ ಎರಡೂ ಕಡೆ ಬೆಲೆ ಇದೆ. ಅಂದಹಾಗೆ ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ., ಬೆಂಗಳೂರು ಸುಮಾರು 600. ನಮ್ಮವರು ಯಾಕೋ ಬೆಂಗಳೂರೊಂದೇ ಊರು ಅಂದುಕೊಂಡಿದ್ದಾರೆ.

ಪ್ರಶ್ನೆ: ಇ ಅಂಡ್ ಸಿ ಡಿಪ್ಲೊಮಾ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಮನೆಯಲ್ಲಿ "ಜೆಸ್ಕಾಂ, ಕೆಪಿಟಿಸಿಎಲ್ ಕರೆಯುವ ತನಕ ಕಾಯಿ" ಅಂತಾರೆ. ನನಗೆ ಬಿಇ ಓದುವ ಆಸೆ. — ವಿದ್ಯಾರ್ಥಿನಿ, ಭಾಲ್ಕಿ

ತಂಗಿ, ಸುಮ್ನೆ ಕಾಯುತ್ತ ಕೂರಬೇಡ. ಆ ವಿದ್ಯುತ್ ಕಂಪನಿಗಳ ಜೆಇ (ಜೂನಿಯರ್ ಎಂಜಿನಿಯರ್) ಎಲೆಕ್ಟ್ರಿಕಲ್ ಹುದ್ದೆಗೆ ಸಾಮಾನ್ಯವಾಗಿ ಕೇಳುವುದು ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ನಿನ್ನದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ಹೆಸರು ಒಂದೇ ಥರ ಕೇಳಿಸುತ್ತದೆ, ಆದರೆ ಅರ್ಜಿ ಹಾಕುವಾಗ ಅಲ್ಲೇ ಎಡವುತ್ತೇವೆ. ಅಧಿಸೂಚನೆಯಲ್ಲಿ ವಿದ್ಯಾರ್ಹತೆಯ ಸಾಲನ್ನು ಎರಡು ಸಲ ಓದು. ನಿನ್ನ ಬ್ರಾಂಚ್‌ಗೆ ಹೊಂದುವಂಥವು ಬೇರೆ ಇವೆ: ರೈಲ್ವೆಯ ಸಿಗ್ನಲ್ ಮತ್ತು ಟೆಲಿಕಾಂ ವಿಭಾಗದ ಜೆಇ, ಇಸ್ರೋದ ಟೆಕ್ನಿಕಲ್ ಅಸಿಸ್ಟೆಂಟ್ (ಇದಕ್ಕೆ ಫಸ್ಟ್ ಕ್ಲಾಸ್ ಬೇಕು).

ರಾಜ್ಯ ಸರ್ಕಾರದ ಹುದ್ದೆಗಳಿಗೆ 371ಜೆ ಇದೆ, ಅಂದರೆ ನಮ್ಮ ಭಾಗದವರಿಗೆ ಸಂವಿಧಾನದ ಆ ವಿಧಿಯಡಿ ಸಿಗುವ ಮೀಸಲಾತಿ. ಕಲ್ಯಾಣ ಕರ್ನಾಟಕದೊಳಗಿನ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80 ಸ್ಥಳೀಯರಿಗೇ. ಈ ಭಾಗದ ಕಾಲೇಜು ಸೀಟುಗಳಲ್ಲಿ ಶೇ 70, ಉಳಿದ ಕರ್ನಾಟಕದಲ್ಲಿ ಶೇ 8. ಡಿಸಿಇಟಿ ಸೀಟು ಹಂಚುವಾಗಲೂ ಇದು ಕೆಲಸಕ್ಕೆ ಬರುತ್ತದೆ, ಹಾಗಾಗಿ ಸಹಾಯಕ ಆಯುಕ್ತರ ಕಚೇರಿಯಿಂದ 371ಜೆ ಸರ್ಟಿಫಿಕೇಟ್ ಈಗಲೇ ಮಾಡಿಸಿಕೋ. ಕೊನೆಯ ವಾರದಲ್ಲಿ ಅಲ್ಲಿ ಜಾತ್ರೆ ಇರುತ್ತದೆ. ಇಸ್ರೋ, ರೈಲ್ವೆಗೆ ಮಾತ್ರ 371ಜೆ ಅನ್ವಯಿಸುವುದಿಲ್ಲ, ಅವು ಕೇಂದ್ರದವು.

ನನ್ನ ಓಟು ಬಿಇಗೆ. ನಿಮ್ಮೂರಲ್ಲೇ ಎಂಜಿನಿಯರಿಂಗ್ ಕಾಲೇಜಿದೆ, ಬೀದರಿನಲ್ಲಿದೆ, ಕಲಬುರಗಿಯಲ್ಲಿ 1958ರ ಪಿಡಿಎ ಇದೆ. ಮೊದಲ ವರ್ಷದ ಗಣಿತ ನಿನಗೆ ತಪ್ಪಿರುತ್ತದೆ. ಈ ರಜೆಯಲ್ಲಿ ಇಂಟಿಗ್ರೇಷನ್ ಒಂದನ್ನಾದರೂ ಗಟ್ಟಿ ಮಾಡಿಕೋ. ಸೀಟು ಸಿಗದಿದ್ದರೆ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಯಾದ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಒಂದು ವರ್ಷ ಅಪ್ರೆಂಟಿಸ್ ಆಗು. ಸ್ಟೈಪೆಂಡ್ ಬರುತ್ತದೆ, ಕೆಲಸ ಕಲಿತಂತೆಯೂ ಆಗುತ್ತದೆ.

ಪ್ರಶ್ನೆ: ಕೆನಡಾದಲ್ಲಿರುವ ಸಂಬಂಧಿಕರು ತಮ್ಮನಿಗೆ "ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಟೆಕ್ನಾಲಜಿ" ಕೋರ್ಸ್‌ಗೆ ಸೇರು ಅಂತಿದ್ದಾರೆ. ಇದು ನಮ್ಮ ಬಿಇ, ಬಿಟೆಕ್ ಥರಾನೇ? — ಬೀದರ್

ಅಲ್ಲ. ನಮ್ಮಲ್ಲಿ ಬಿಇ, ಬಿಟೆಕ್ ಎರಡೂ ಒಂದೇ, ಹೆಸರಷ್ಟೇ ಬೇರೆ. ಅಲ್ಲಿ "ಎಂಜಿನಿಯರಿಂಗ್" ಬೇರೆ, "ಎಂಜಿನಿಯರಿಂಗ್ ಟೆಕ್ನಾಲಜಿ" ಬೇರೆ. ಮೊದಲನೆಯದು ಗಣಿತ, ವಿನ್ಯಾಸದ ಕಡೆ ವಾಲುತ್ತದೆ. ಎರಡನೆಯದು ಲ್ಯಾಬ್, ಟೆಸ್ಟಿಂಗ್, ರಿಪೇರಿ, ಕಾರ್ಖಾನೆಯ ಕಡೆ. ಕೆನಡಾದ ಓಂಟಾರಿಯೊ ಕಾಲೇಜುಗಳಲ್ಲಿ ಎರಡು ವರ್ಷಕ್ಕೆ ಟೆಕ್ನಿಷಿಯನ್, ಮೂರು ವರ್ಷಕ್ಕೆ ಟೆಕ್ನಾಲಜಿಸ್ಟ್ ಡಿಪ್ಲೊಮಾ. ಅಮೆರಿಕದಲ್ಲಿ ಇದನ್ನೇ ನಾಲ್ಕು ವರ್ಷದ ಡಿಗ್ರಿಯಾಗಿಯೂ ಕೊಡುತ್ತಾರೆ. ಅಲ್ಲಿನ ಮಾನ್ಯತಾ ಸಂಸ್ಥೆ ಅಬೆಟ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಆಯೋಗ. ದೇಶದೇಶಗಳ ನಡುವಿನ ಒಪ್ಪಂದವೂ ಬೇರೆಯೇ, ಎಂಜಿನಿಯರಿಗೆ ವಾಷಿಂಗ್ಟನ್ ಅಕಾರ್ಡ್, ಟೆಕ್ನಾಲಜಿಸ್ಟ್‌ಗೆ ಸಿಡ್ನಿ ಅಕಾರ್ಡ್. ಭಾರತ 2014ರಲ್ಲಿ ಪೂರ್ಣ ಸದಸ್ಯನಾದದ್ದು ವಾಷಿಂಗ್ಟನ್ ಅಕಾರ್ಡ್‌ಗೆ.

ಕೋರ್ಸ್ ಕೆಟ್ಟದ್ದಲ್ಲ. ಕೈಕೆಲಸ ಇಷ್ಟಪಡುವವನಿಗೆ ಚೆನ್ನಾಗಿಯೇ ಇದೆ. ಆದರೆ ತಮ್ಮ ಈಗಾಗಲೇ ಇಲ್ಲಿ ಬಿಇ ಮುಗಿಸಿದ್ದರೆ, ಲಕ್ಷಾಂತರ ರೂಪಾಯಿ ಸಾಲ ಮಾಡಿ ಮತ್ತೆ ಡಿಪ್ಲೊಮಾಕ್ಕೆ ಹೋಗುತ್ತಿದ್ದಾನೆ ಅಂತ ಮನೆಯವರಿಗೆ ಗೊತ್ತಿರಲಿ.

ಪ್ರಶ್ನೆ: ಬಿಇ ಇಸಿ ಮೂರನೇ ಸೆಮಿಸ್ಟರ್. ಲಾಪ್ಲಾಸ್ ಗಣಿತ ಅಂದರೆ ಕೈಕಾಲು ನಡುಕ. ಬ್ರಾಂಚ್ ಬದಲಿಸಲಾ? — ಶಹಾಪುರ

ಬದಲಿಸುವ ಮೊದಲು ನೂರಿನ್ನೂರು ರೂಪಾಯಿಯ ಒಂದು ಕೆಲಸ ಮಾಡು. ಒಂದು ಬ್ರೆಡ್‌ಬೋರ್ಡ್, 10 ಕಿಲೋಓಮ್ ರೆಸಿಸ್ಟರ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ತಗೋ. ಎರಡನ್ನೂ ಸೀರೀಸ್‌ನಲ್ಲಿ ಜೋಡಿಸು, ಕೆಪಾಸಿಟರಿನ ಪ್ಲಸ್ ಮೈನಸ್ ಸರಿ ನೋಡಿಕೋ. ಹಳೆಯ ಯುಎಸ್‌ಬಿ ಕೇಬಲ್‌ನಿಂದ 5 ವೋಲ್ಟ್ ಕೊಡು. ಕೆಪಾಸಿಟರ್ ಮೇಲೆ ಮಲ್ಟಿಮೀಟರ್ ಇಟ್ಟು ಗಡಿಯಾರ ನೋಡು. ಹತ್ತು ಸೆಕೆಂಡಿಗೆ 3.1, 3.2 ವೋಲ್ಟ್ ಹತ್ತಿರ ಬಂದಿರುತ್ತದೆ, ಅಂದರೆ 5ರಲ್ಲಿ ಶೇ 63. ಕೆಪಾಸಿಟರ್ ಬೆಲೆ ಸ್ವಲ್ಪ ಆಚೀಚೆ ಇರುವುದರಿಂದ ಒಂದೆರಡು ಸೆಕೆಂಡ್ ಹೆಚ್ಚುಕಮ್ಮಿ ಆದೀತು. ಮೊದಲು ದಡದಡ ಏರಿ, ಆಮೇಲೆ ಎತ್ತಿನಬಂಡಿ ಥರ ನಿಧಾನ ಆಗುವುದನ್ನು ಕಣ್ಣಾರೆ ನೋಡುತ್ತೀಯ. ನಿನ್ನ ಲಾಪ್ಲಾಸ್ ಆ ಏರುವ ಗೆರೆಯ ಲೆಕ್ಕವೇ. ನೋಡಿದ ಮೇಲೆ ಪುಸ್ತಕ ತೆಗೆ.

ಮೊಬೈಲ್ ಚಾರ್ಜರ್ ಬಿಚ್ಚುವ ಸಾಹಸ ಮಾತ್ರ ಈಗಲೇ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 325 ವೋಲ್ಟ್ ತನಕ ಉಳಿದಿರಬಹುದು. ಲ್ಯಾಬ್‌ನಲ್ಲಿ ನನಗೆ ಬಿದ್ದ ಏಟು ಇನ್ನೂ ನೆನಪಿದೆ.

ಪ್ರಶ್ನೆ: ಐಟಿಐ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಮುಗಿಸಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಮುಂದೆ ಓದಲು ಆಗುತ್ತಾ? — ಆಳಂದ

ಆಗುತ್ತದೆ. ಎರಡು ವರ್ಷದ ಐಟಿಐ ಆದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೂ ನಿಮ್ಮ ಟ್ರೇಡ್ ನಡೆಯುತ್ತದೆ, ವಯಸ್ಸಿನ ಮಿತಿ ನೋಡಿಕೊಳ್ಳಿ. ಅಂಗಡಿ ಮುಚ್ಚುವ ಅವಸರ ಬೇಡ, ತಮ್ಮನನ್ನೋ ಗೆಳೆಯನನ್ನೋ ಕೂರಿಸಿ. ನಮ್ಮ ಕಡೆಯ ಬಿಸಿಲಿಗೆ ಮನೆಮನೆಗೆ ಇನ್ವರ್ಟರ್, ಹೊಲದಲ್ಲಿ ಸೋಲಾರ್ ಪಂಪು ಬಂದಿವೆ. ಅವುಗಳ ಬೋರ್ಡ್ ರಿಪೇರಿ ಮಾಡುವವರು ಕಡಿಮೆ. ಕೆಟ್ಟರೆ ಕಲಬುರಗಿಗೆ ಹೊತ್ತುಕೊಂಡು ಬರುತ್ತಾರೆ. ಮುಂದಿನ ಸಲ ನಿಮ್ಮ ಅಂಗಡಿಗೆ ಕೆಟ್ಟ ಇನ್ವರ್ಟರ್ ಬೋರ್ಡ್ ಬಂದರೆ ವಾಪಸ್ ಕಳಿಸಬೇಡಿ, ಒಂದು ದಿನ ಇಟ್ಟುಕೊಂಡು ನೋಡಿ.