ರಾತ್ರಿ ಹನ್ನೊಂದರ ಮೇಲೆ ಕುರುಕಲು ತಿಂದರೆ ತೂಕ ಹೆಚ್ಚುತ್ತದೆಯೇ? ಆರೋಗ್ಯಕ್ಕೆ ಎಷ್ಟು ಕೆಟ್ಟದ್ದು?

ನೀವು ಕೇಳಿರುವುದು ಇಷ್ಟು: ರಾತ್ರಿ ಎಂಟೂವರೆಗೆ ಊಟ, ಮಲಗುವುದು ಒಂದು ಗಂಟೆಗೆ, ನಡುವೆ ಹನ್ನೊಂದೂವರೆ ಹೊತ್ತಿಗೆ ಖಾರಾ ಮಿಕ್ಸ್ಚರೋ ಬಿಸ್ಕತ್ತೋ ಬೇಕೇ ಬೇಕು. ಎಂಟರ ಮೇಲೆ ತಿಂದದ್ದೆಲ್ಲ ಕೊಬ್ಬಾಗುತ್ತದೆ ಅಂತ ಗೆಳೆಯರು ಹೆದರಿಸುತ್ತಾರೆ, ಅದು ನಿಜವೇ?

ಗೆಳೆಯರು ಹೇಳುವಷ್ಟು ನಿಜವಲ್ಲ. ಹಾಗಂತ ಹಗಲಿನ ತುತ್ತೂ ನಡುರಾತ್ರಿಯ ತುತ್ತೂ ದೇಹಕ್ಕೆ ಒಂದೇ ಅನ್ನುವಂತೆಯೂ ಇಲ್ಲ. ತೂಕದ ಮಟ್ಟಿಗೆ ಹೊತ್ತಿಗಿಂತ ಪ್ರಮಾಣವೇ ಮುಖ್ಯ. ರಕ್ತದ ಸಕ್ಕರೆ, ಎದೆಯುರಿ, ನಿದ್ದೆ ಇವುಗಳ ಮಟ್ಟಿಗೆ ಹೊತ್ತೂ ಅಷ್ಟೇ ಮುಖ್ಯ.

ಮೊದಲು ತೂಕ. ಎಣ್ಣೆಯಲ್ಲಿ ಕರಿದ ಮಿಕ್ಸ್ಚರ್ 100 ಗ್ರಾಂಗೆ ಸುಮಾರು 500ರಿಂದ 550 ಕ್ಯಾಲೊರಿ. ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಮೊಬೈಲ್ ನೋಡುತ್ತಾ ತಿಂದರೆ 60 ಗ್ರಾಂ ಹೋದದ್ದೇ ಗೊತ್ತಾಗುವುದಿಲ್ಲ. ಅಷ್ಟರಲ್ಲೇ 300 ಕ್ಯಾಲೊರಿ ದಾಟಿತು. ಸಾದಾ ಮಾರಿ ಬಿಸ್ಕತ್ತು ಒಂದಕ್ಕೆ 25ರ ಆಸುಪಾಸು, ಎಂಟು ತಿಂದರೆ 200. ಒಂದು ಪ್ಯಾಕೆಟ್ ನೂಡಲ್ಸ್ 300ರ ಮೇಲೆ. ಊಟ ಪೂರ್ತಿ ಆದ ಮೇಲೆ ಇದು ಹೆಚ್ಚುವರಿಯಾಗಿ ಬೀಳುವುದರಿಂದಲೇ ತೂಕ ಏರುವುದು. ದಿನಕ್ಕೆ 300ರಂತೆ ತಿಂಗಳಿಗೆ 9000 ಕ್ಯಾಲೊರಿ; ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700. ಕಾಗದದ ಮೇಲೆ ತಿಂಗಳಿಗೆ ಒಂದು ಕಿಲೋಗಿಂತ ಹೆಚ್ಚಾಯಿತು. ನಿಜ ಜೀವನದಲ್ಲಿ ಅಷ್ಟು ಆಗುವುದಿಲ್ಲ, ಏಕೆಂದರೆ ತೂಕ ಹೆಚ್ಚಿದಂತೆ ದೇಹದ ಖರ್ಚೂ ಹೆಚ್ಚುತ್ತದೆ, ಮರುದಿನ ಬೆಳಿಗ್ಗೆ ಹಸಿವೂ ಸ್ವಲ್ಪ ಕಡಿಮೆ ಇರುತ್ತದೆ. ಆದರೂ ವರ್ಷದೊಳಗೆ ಕೆಲವು ಕಿಲೋ ಏರಿ ಅಲ್ಲೇ ನಿಲ್ಲುವುದಕ್ಕೆ ಇಷ್ಟು ಸಾಕು.

ಇನ್ನು ಹೊತ್ತಿನ ಪಾತ್ರ. ಇಲ್ಲಿ ಎರಡು ಪ್ರಯೋಗಗಳನ್ನು ಜೊತೆಗಿಟ್ಟು ನೋಡಬೇಕು, ಒಂದನ್ನೇ ಹಿಡಿದುಕೊಂಡರೆ ದಾರಿ ತಪ್ಪುತ್ತದೆ. ಬೋಸ್ಟನ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೂಕ ಹೆಚ್ಚಿದ್ದ 16 ಜನರಿಗೆ ಅದೇ ಆಹಾರವನ್ನು, ಅಷ್ಟೇ ಪ್ರಮಾಣದಲ್ಲಿ, ಸುಮಾರು ನಾಲ್ಕು ಗಂಟೆ ತಡವಾಗಿ ಕೊಟ್ಟರು. ಹಸಿವಾಗುವ ಸಂಭವ ಎರಡು ಪಟ್ಟಾಯಿತು, ಹೊಟ್ಟೆ ತುಂಬಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಇಳಿಯಿತು, ಎಚ್ಚರವಿರುವ ಹೊತ್ತಿನ ಕ್ಯಾಲೊರಿ ಖರ್ಚು ಶೇಕಡ 5ರಷ್ಟು ಕುಗ್ಗಿತು. ಅದೇ ವರ್ಷ ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಬಂದ ಪ್ರಯೋಗದಲ್ಲಿ ತೂಕ ಇಳಿಸುವ ಪಥ್ಯದಲ್ಲಿದ್ದ 30 ಜನರು ಒಂದು ತಿಂಗಳು ಬೆಳಗಿನ ತಿಂಡಿಯನ್ನು ದೊಡ್ಡದು ಮಾಡಿದರು, ಇನ್ನೊಂದು ತಿಂಗಳು ರಾತ್ರಿ ಊಟವನ್ನು. ಒಟ್ಟು ಕ್ಯಾಲೊರಿ ಒಂದೇ ಇದ್ದುದರಿಂದ ಎರಡರಲ್ಲೂ ಇಳಿದ ತೂಕ ಒಂದೇ. ಆದರೆ ಬೆಳಿಗ್ಗೆ ಹೆಚ್ಚು ತಿಂದಾಗ ದಿನವಿಡೀ ಹಸಿವು ಕಡಿಮೆಯಿತ್ತು.

ನನ್ನ ಓದಿನಲ್ಲಿ ಇವೆರಡೂ ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ತಡವಾಗಿ ತಿನ್ನುವುದರ ಮುಖ್ಯ ಹಾನಿ ಹಸಿವನ್ನು ಕೆರಳಿಸುವುದು. ಪ್ರಯೋಗಾಲಯದಲ್ಲಿ ತಟ್ಟೆಯನ್ನು ಬೇರೆಯವರು ಅಳೆದು ಕೊಡುತ್ತಾರೆ, ಆದ್ದರಿಂದ ತೂಕ ಏರುವುದಿಲ್ಲ. ಮನೆಯಲ್ಲಿ ಅಳೆಯುವವರು ಯಾರೂ ಇರುವುದಿಲ್ಲ.

ಸಕ್ಕರೆಯ ವಿಷಯ ಇನ್ನೂ ಸ್ಪಷ್ಟ. ಕತ್ತಲಾದ ಮೇಲೆ ನಿದ್ದೆಗೆ ಸಿದ್ಧಗೊಳಿಸುವ ಮೆಲಟೋನಿನ್ ಹಾರ್ಮೋನ್ ಏರಿದಂತೆ, ಮೇದೋಜೀರಕ ಗ್ರಂಥಿ ಬಿಡುವ, ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ ಕಡಿಮೆಯಾಗುತ್ತದೆ. ಹಾಗಾಗಿ ಅದೇ ಎರಡು ಬಾಳೆಹಣ್ಣು ಬೆಳಿಗ್ಗೆ ಎಂಟಕ್ಕೆ ಏರಿಸುವುದಕ್ಕಿಂತ ರಾತ್ರಿ ಹನ್ನೆರಡಕ್ಕೆ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ 2023ರಲ್ಲಿ ಹೇಳಿದೆ. ತಂದೆ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ನಿಮ್ಮ ಸೊಂಟದ ಸುತ್ತಳತೆ ಗಂಡಸರಾಗಿದ್ದು 90 ಸೆಂ.ಮೀ. ಅಥವಾ ಹೆಂಗಸರಾಗಿದ್ದು 80 ಸೆಂ.ಮೀ. ದಾಟಿದ್ದರೆ, ತೂಕ ಸರಿಯಿದ್ದರೂ ರಾತ್ರಿಯ ಸಿಹಿ, ಮೈದಾ, ಜ್ಯೂಸ್ ಬಿಡಲು ಇದೊಂದೇ ಕಾರಣ ಸಾಕು.

ಎದೆಯುರಿ, ಹುಳಿತೇಗು ಇರುವವರಿಗೆ ಲೆಕ್ಕ ಸರಳ: ಕೊನೆಯ ತುತ್ತಿಗೂ ಹಾಸಿಗೆಗೂ ಮೂರು ಗಂಟೆ ಅಂತರ. ಕರಿದದ್ದು ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ, ಮಲಗಿದಾಗ ಆಮ್ಲ ಮೇಲೆ ಬರುತ್ತದೆ. ಎಡಮಗ್ಗುಲಲ್ಲಿ ಮಲಗಿದರೆ ಸ್ವಲ್ಪ ವಾಸಿ. ಹಲ್ಲಿನ ವಿಷಯವನ್ನು ಯಾರೂ ನೆನೆಯುವುದಿಲ್ಲ: ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ, ಅಂಟಿದ ಬಿಸ್ಕತ್ತು ರಾತ್ರಿಯಿಡೀ ಹಲ್ಲಿನ ಮೇಲೇ ಇರುತ್ತದೆ. ತಿಂದರೆ ಹಲ್ಲುಜ್ಜಿ ಮಲಗಿ.

ಈಗ ನಿಮ್ಮ ದಿನಚರಿ. ಎಂಟೂವರೆಯ ಊಟಕ್ಕೂ ಒಂದು ಗಂಟೆಯ ನಿದ್ದೆಗೂ ನಡುವೆ ನಾಲ್ಕೂವರೆ ಗಂಟೆ ಇದೆ. ಅಷ್ಟು ಹೊತ್ತು ಎಚ್ಚರವಿದ್ದರೆ ಹಸಿವಾಗುವುದು ಸಹಜ, ಅದನ್ನು ಮನಸ್ಸಿನ ದೌರ್ಬಲ್ಯ ಎಂದುಕೊಳ್ಳಬೇಡಿ. ನಿಜವಾದ ಹಸಿವೋ ಬಾಯಿಚಪಲವೋ ಎಂದು ತಿಳಿಯಲು ಒಂದು ಲೋಟ ನೀರು ಕುಡಿದು ಹದಿನೈದು ನಿಮಿಷ ಬಿಡಿ. ಆಮೇಲೂ ಬರೀ ಮೊಸರನ್ನವೋ ಒಂದು ಬೇಯಿಸಿದ ಮೊಟ್ಟೆಯೋ ಸಾಕು ಅನ್ನಿಸಿದರೆ ಹಸಿವು. ಮಿಕ್ಸ್ಚರೇ ಆಗಬೇಕು ಅನ್ನಿಸಿದರೆ ಅದು ಚಪಲ ಅಥವಾ ನಿದ್ದೆಯ ಕೊರತೆ. ನಿದ್ದೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ತೂಕ ಹೆಚ್ಚಿದ್ದ 80 ಜನರ ಮೇಲೆ ಅಮೆರಿಕದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವಿದೆ. ನಿದ್ದೆ ಒಂದು ಗಂಟೆಗಿಂತ ತುಸು ಹೆಚ್ಚು ಮಾಡಿಕೊಂಡವರು, ಯಾವ ಪಥ್ಯವನ್ನೂ ಹೇಳದೆಯೇ, ಇನ್ನೊಂದು ಗುಂಪಿಗಿಂತ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. ನಿಮ್ಮ ಮಿಕ್ಸ್ಚರಿನ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ.

ಹಸಿವೇ ಆಗಿದ್ದರೆ ಅದರ ಬೇರು ಹಗಲಲ್ಲಿರುತ್ತದೆ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಚಿತ್ರಾನ್ನ, ಸಂಜೆ ಮತ್ತೆ ಕಾಫಿ ಜೊತೆ ರಸ್ಕ್, ರಾತ್ರಿ ಅನ್ನ ತಿಳಿಸಾರು. ಇಂಥ ದಿನದಲ್ಲಿ ಪ್ರೋಟೀನ್ ಹುಡುಕಿದರೂ ಸಿಗುವುದಿಲ್ಲ, ಹನ್ನೊಂದಕ್ಕೆ ಹೊಟ್ಟೆ ಕೂಗುವುದು ಖಂಡಿತ. ಸಂಜೆ ಐದೂವರೆಗೆ ಒಂದು ಬಟ್ಟಲು ಕಡಲೆ ಅಥವಾ ಹೆಸರುಕಾಳಿನ ಉಸಲಿ ತಿನ್ನಿ. ರಾತ್ರಿ ತಿಳಿಸಾರಿನ ಬದಲು ಗಟ್ಟಿ ಬೇಳೆಹುಳಿ, ತಟ್ಟೆಯ ಅರ್ಧದಷ್ಟು ಪಲ್ಯ ಮತ್ತು ಕೋಸಂಬರಿ, ಕೊನೆಗೆ ಒಂದು ಬಟ್ಟಲು ಮೊಸರು. ತಿನ್ನುವವರಾದರೆ ಎರಡು ಮೊಟ್ಟೆ ಅಥವಾ ಮೀನು. ಇಷ್ಟೊಂದನ್ನು ಎರಡು ವಾರ ಸರಿಯಾಗಿ ಮಾಡಿದರೆ ನಡುರಾತ್ರಿಯ ಹಸಿವು ಬಹಳಷ್ಟು ಜನರಿಗೆ ತಾನಾಗಿ ಇಳಿಯುತ್ತದೆ. ಬಿಸ್ಕತ್ತಿನ ಡಬ್ಬಿಗೆ ಬೀಗ ಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಆದರೂ ಬೇಕೆನಿಸಿದರೆ 150 ಕ್ಯಾಲೊರಿಯೊಳಗೆ, ಹತ್ತು ಗಂಟೆಗೆ, ಹಸಿವು ಜೋರಾಗುವ ಮೊದಲೇ ತಿಂದುಬಿಡಿ. 30 ಗ್ರಾಂ ಹುರಿಗಡಲೆ ಅಂದರೆ ಒಂದು ಹಿಡಿ, ಸುಮಾರು 110 ಕ್ಯಾಲೊರಿ. ಒಂದು ಲೋಟ ಸಕ್ಕರೆಯಿಲ್ಲದ ಟೋನ್ಡ್ ಹಾಲು 120. ಬೇಯಿಸಿದ ಮೊಟ್ಟೆ ಒಂದಕ್ಕೆ 75. ಮಂಡಕ್ಕಿ 20 ಗ್ರಾಂಗೆ ಈರುಳ್ಳಿ, ಟೊಮೆಟೊ, ನಿಂಬೆರಸ ಬೆರೆಸಿ ಒಂದೇ ಟೀ ಚಮಚ ಎಣ್ಣೆ ಹಾಕಿದರೆ 130ರ ಒಳಗೆ ಮುಗಿಯುತ್ತದೆ, ಖಾರದ ಚಪಲವೂ ತೀರುತ್ತದೆ. ತೆಳ್ಳಗಿನ ನೀರುಮಜ್ಜಿಗೆಯಲ್ಲಿ ಕ್ಯಾಲೊರಿ ತೀರಾ ಕಡಿಮೆ, ಉಪ್ಪು ಮಾತ್ರ ಕಡಿಮೆ ಇರಲಿ.

ಜನ ಎಡವುವ ಜಾಗಗಳು ಇವೇ. ಹಾಲಿಗೆ ಮಾಲ್ಟ್ ಪುಡಿ ಎರಡು ದೊಡ್ಡ ಚಮಚ ಹಾಕಿದರೆ ಅದರಲ್ಲಿ ಬಹುಪಾಲು ಸಕ್ಕರೆ ಮತ್ತು ಹಿಟ್ಟು. ‘ಡಯಟ್ ಚೂಡಾ’, ‘ಮಲ್ಟಿಗ್ರೇನ್’ ಅಂತ ಮುಂದೆ ಬರೆದಿದ್ದರೂ ಹಿಂದಿನ ಪಟ್ಟಿ ನೋಡಿ. 100 ಗ್ರಾಂಗೆ 450ರ ಮೇಲಿದ್ದರೆ ಅದು ಮಾಮೂಲಿ ಕುರುಕಲೇ. ಗೋಡಂಬಿ, ಕಡಲೆಕಾಯಿ ಒಳ್ಳೆಯವೇ, ಆದರೆ 30 ಗ್ರಾಂಗೆ 170. ಚಹಾ, ಕಾಫಿ, ಚಾಕೊಲೇಟ್ ಹಸಿವನ್ನು ಮುಂದೂಡಿ ನಿದ್ದೆಯನ್ನು ಕೆಡಿಸುತ್ತವೆ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು.

ನೀವು ಬೆಂಗಳೂರಿನ ಯಾವುದಾದರೂ ಕಂಪನಿಯಲ್ಲಿ ಅಮೆರಿಕದ ಹೊತ್ತಿಗೆ ಕೆಲಸ ಮಾಡುವವರಾದರೆ ಕ್ರಮ ಬೇರೆ. ದೊಡ್ಡ ಊಟವನ್ನು ಪಾಳಿಗೆ ಮೊದಲು ಮುಗಿಸಿ. ಹನ್ನೆರಡರಿಂದ ಬೆಳಗಿನ ಐದರವರೆಗೆ ಆದಷ್ಟು ನೀರು, ಮಜ್ಜಿಗೆ, ತೀರಾ ಬೇಕಿದ್ದರೆ ಹುರಿಗಡಲೆಯಷ್ಟೇ. ಕ್ಯಾಂಟೀನಿನ ಎರಡು ಗಂಟೆಯ ಪರೋಟ ಬೇಡ. ರಾತ್ರಿಪಾಳಿಯನ್ನು ಅನುಕರಿಸಿದ, 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ರಾತ್ರಿ ತಿಂದವರ ಸಕ್ಕರೆ ಏರಿತು, ಅಷ್ಟೇ ಎಚ್ಚರವಿದ್ದು ಹಗಲಲ್ಲಿ ಮಾತ್ರ ತಿಂದವರದು ಏರಲಿಲ್ಲ.

ಕೆಲವರು ರಾತ್ರಿ ತಿಂಡಿಯನ್ನು ತಾವಾಗಿ ನಿಲ್ಲಿಸಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗೆ ನಿದ್ದೆಯಲ್ಲಿ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ಕೆಟ್ಟ ಕನಸು, ಬೆಳಿಗ್ಗೆ ತಲೆನೋವು ಅದರ ಗುರುತು. ರಕ್ತದ ಸಕ್ಕರೆ 70 ಮಿ.ಗ್ರಾಂ/ಡಿ.ಎಲ್.ಗಿಂತ ಕೆಳಗಿದ್ದರೆ ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಗರ್ಭಿಣಿಯರು, ತೂಕ ಕಡಿಮೆಯಿರುವ ವೃದ್ಧರು ಕೂಡ ವೈದ್ಯರನ್ನು ಕೇಳಿಯೇ ಬದಲಿಸಲಿ. ವಾರಕ್ಕೆ ಎರಡು ಅಥವಾ ಹೆಚ್ಚು ಸಲ ನಿದ್ದೆಯಿಂದೆದ್ದು ತಿನ್ನದೆ ಮತ್ತೆ ನಿದ್ದೆ ಬರುವುದಿಲ್ಲ ಅಥವಾ ದಿನದ ಕಾಲುಭಾಗದಷ್ಟು ಆಹಾರ ರಾತ್ರಿ ಊಟದ ನಂತರವೇ ಹೋಗುತ್ತಿದೆ ಎಂದಾದರೆ, ಅದು ಚಿಕಿತ್ಸೆ ಇರುವ ತೊಂದರೆ, ಮನೋವೈದ್ಯರನ್ನು ಕಾಣಿ. ನಿದ್ದೆಮಾತ್ರೆ ಜೋಲ್ಪಿಡೆಮ್ ತೆಗೆದುಕೊಳ್ಳುವವರು ಅರಿವಿಲ್ಲದೆ ಎದ್ದು ತಿನ್ನುವುದೂ ಉಂಟು. ಬೆಳಿಗ್ಗೆ ಅಡುಗೆಮನೆಯಲ್ಲಿ ಗುರುತು ಕಂಡರೆ ಮಾತ್ರೆ ಬರೆದುಕೊಟ್ಟವರಿಗೆ ತಿಳಿಸಿ.

ಬದಲಾವಣೆ ಶುರುಮಾಡಿದ ಮೇಲೆ ತೂಕವನ್ನು ದಿನಾ ನೋಡಿ ಗಾಬರಿಯಾಗಬೇಡಿ. ಉಪ್ಪು ಖಾರ ತಿಂದ ಮರುದಿನ ಅರ್ಧ ಕಿಲೋ, ಒಂದು ಕಿಲೋ ಹೆಚ್ಚು ಕಂಡರೆ ಅದು ನೀರು. ವಾರಕ್ಕೊಮ್ಮೆ, ಪ್ರತಿ ಸಲವೂ ಅದೇ ದಿನ, ಬೆಳಿಗ್ಗೆ ಶೌಚ ಮುಗಿಸಿ ತೂಗಿ, ಸೊಂಟವನ್ನೂ ಟೇಪಿನಲ್ಲಿ ಅಳೆಯಿರಿ. ನಾಲ್ಕು ವಾರವಾದರೂ ಎರಡೂ ಇಳಿಯದಿದ್ದರೆ ರಾತ್ರಿಯ ತಿಂಡಿಯನ್ನು ಬಿಟ್ಟು ಅಡುಗೆಯ ಎಣ್ಣೆಯತ್ತ ನೋಡಿ: ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ, ಒಗ್ಗರಣೆಗೆ ಕಣ್ಣಳತೆಯಲ್ಲಿ ಸುರಿಯುವಾಗ ಅದು ಎರಡು ಮೂರು ಚಮಚವಾಗಿರುತ್ತದೆ.